ಬೀಟ್ ಬಾಡಿಗೆಯದ್ದು, ಹಾಡು ನನ್ನದು

ನನ್ನ ಎರಡನೇ ಹಾಡು ಯೂಟ್ಯೂಬಿಗೆ ಹಾಕಿದ ಮರುದಿನವೇ ಕಾಪಿರೈಟ್ ಕ್ಲೇಮ್ ಬಂತು. ರಾತ್ರಿಯೆಲ್ಲ ಕೂತು ಬರೆದ ಸಾಲುಗಳು, ನನ್ನದೇ ದನಿ; ಆದರೂ ದುಡ್ಡು ಇನ್ಯಾರಿಗೋ. ಬೀಟನ್ನು, ಅಂದರೆ ಹಾಡಿನ ಹಿನ್ನೆಲೆ ಸಂಗೀತವನ್ನು, ನಾನು ಲೀಸ್‌ಗೆ (ಬಾಡಿಗೆಗೆ) ತಗೊಂಡಿದ್ದೆ. ಅದೇ ಬೀಟ್ ಲೀಸ್‌ಗೆ ತಗೊಂಡ ಇನ್ನೊಬ್ಬ ರ‍್ಯಾಪರ್ ತನ್ನ ಹಾಡನ್ನು ಕಂಟೆಂಟ್ ಐಡಿಗೆ, ಅಂದರೆ ಹೊಂದುವ ಸದ್ದನ್ನು ತಾನೇ ಹುಡುಕಿ ಕ್ಲೇಮ್ ಹಾಕುವ ಯೂಟ್ಯೂಬ್ ವ್ಯವಸ್ಥೆಗೆ, ಸೇರಿಸಿಬಿಟ್ಟಿದ್ದ. ಸಾಮಾನ್ಯವಾಗಿ ಲೀಸ್ ಕರಾರಿನಲ್ಲಿ ಅದಕ್ಕೆ ಅವಕಾಶವೇ ಇರುವುದಿಲ್ಲ. ಲೈಸೆನ್ಸ್ ಪಿಡಿಎಫ್ ಹುಡುಕಿ ತೆಗೆದು ಡಿಸ್ಪ್ಯೂಟ್ ಹಾಕಿದೆ. ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಕಾದೆ.

ಈಗ ಪೆನ್ನು ಹಿಡಿಯುವ ಮೊದಲೇ ಕರಾರು ಓದುತ್ತೇನೆ: ಎಷ್ಟು ಸ್ಟ್ರೀಮ್‌ವರೆಗೆ ಅನುಮತಿ, ಪಬ್ಲಿಷಿಂಗ್‌ನಲ್ಲಿ, ಅಂದರೆ ಸಾಹಿತ್ಯ-ಸಂಗೀತ ರಚನೆಯ ಹಕ್ಕಿನ ಆದಾಯದಲ್ಲಿ, ಬೀಟ್ ಮಾಡಿದ ಪ್ರೊಡ್ಯೂಸರ್ ಪಾಲೆಷ್ಟು. ಕೋರಸ್ ಹಾಡುವ ಗೆಳತಿಯ ಜೊತೆ ಸ್ಟುಡಿಯೊದಲ್ಲೇ, ಹಾಡಿನಲ್ಲಿ ಯಾರ ಪಾಲೆಷ್ಟು ಅಂತ ಬರೆದ ಸ್ಪ್ಲಿಟ್ ಶೀಟ್‌ಗೆ ಸಹಿ. ಸ್ನೇಹದಲ್ಲಿ ಕಾಗದ ಯಾಕೆ ಅಂತ ನನಗೆ ಮುಜುಗರವಾಗಿತ್ತು. ಸ್ನೇಹ ಉಳಿಯಲಿಕ್ಕೇ ಬೇಕು ಕಣೋ ಅಂದಳು.

ಸ್ಪಾಟಿಫೈ 2024ರಿಂದ, 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಕೊಡುವುದಿಲ್ಲ. ಇದು ಅನ್ಯಾಯ. 900 ಸಲ ಕೇಳಿದ್ದು ಕೇಳಿದ್ದಲ್ಲವೇ?

ಮೂರನೇ ಹಾಡು ಬಿಡುಗಡೆಗೆ ನಾಲ್ಕು ವಾರ ಮೊದಲೇ, ಅದನ್ನು ಸ್ಪಾಟಿಫೈನಂಥ ಕಡೆಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ಹೋಗಿದೆ. ನಿನ್ನೆ ಅದರ ಐಎಸ್‌ಆರ್‌ಸಿ, ಅಂದರೆ ರೆಕಾರ್ಡಿಂಗಿನ ಗುರುತಿನ ಕೋಡ್, ಸಿಕ್ಕಿತು, ಅಕ್ಷರ ಅಂಕಿ ಸೇರಿ 12. ನೋಟ್‌ಬುಕ್ಕಿನಲ್ಲಿ ಹಾಡಿನ ಮೊದಲ ಸಾಲಿನ ಪಕ್ಕದಲ್ಲೇ ಬರೆದುಕೊಂಡೆ.