ಡಿಲ್ಲಾ ಲಯ: ಕ್ವಾಂಟೈಸ್ ಆಫ್ ಮಾಡಿದರೆ ಸಾಲದು

ಹಿಪ್-ಹಾಪ್ ನಿರ್ಮಾಪಕ ಜೆ ಡಿಲ್ಲಾ ಥರ ಬೀಟ್ (ಹಾಡಿನ ತಾಳ-ಸಂಗೀತ) ಮಾಡೋದು ಹೇಗೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಕ್ವಾಂಟೈಸ್ ಆಫ್ ಮಾಡು, ಕೈಯಲ್ಲೇ ಬಾರಿಸು." ಕ್ವಾಂಟೈಸ್ ಅಂದರೆ ಬಾರಿಸಿದ ಏಟನ್ನು ಯಂತ್ರವೇ ಸರಿಯಾದ ತಾಳದ ಜಾಗಕ್ಕೆ ಎಳೆದಿಡೋದು. ಆ ಉತ್ತರ ಅರ್ಧ ನಿಜ. ಅಷ್ಟೇ ಮಾಡಿದರೆ ತಾಳ ತಪ್ಪಿದಂತೆ ಕೇಳಿಸುತ್ತದೆ, ಡಿಲ್ಲಾ ಥರ ಅಲ್ಲ.

ಡಿಲ್ಲಾ, ಅಂದರೆ ಜೇಮ್ಸ್ ಡೆವಿಟ್ ಯಾನ್ಸಿ, ಹುಟ್ಟಿದ್ದು 1974ರ ಫೆಬ್ರವರಿ 7ರಂದು, ಡೆಟ್ರಾಯ್ಟ್‌ನಲ್ಲಿ. ಟಿ3, ಬಾಟಿನ್ ಜೊತೆ ಸ್ಲಮ್ ವಿಲೇಜ್ ತಂಡ ಕಟ್ಟಿ ರ್‍ಯಾಪ್ ಮಾಡಿದ. ರ್‍ಯಾಪರ್ ಆಗಿ ಸಾಧಾರಣ ಅನ್ನುವವರಿದ್ದಾರೆ; ಪದಗಳನ್ನೂ ಅವನು ಡ್ರಮ್ ಏಟಿನ ಲೆಕ್ಕದಲ್ಲೇ ಇಡುತ್ತಿದ್ದ ಅನ್ನೋದನ್ನು ಅವರು ಗಮನಿಸಿಲ್ಲ. ಎಂಪಿಸಿ (ಪ್ಯಾಡ್ ಬಾರಿಸಿ ಬೀಟ್ ಕಟ್ಟುವ ಯಂತ್ರ) ಕಲಿಸಿದ್ದು ಅದೇ ಊರಿನ ಕೀಬೋರ್ಡ್ ವಾದಕ ಆಂಪ್ ಫಿಡ್ಲರ್.

ಡಿಲ್ಲಾನ ಅಕಾಯ್ ಎಂಪಿಸಿ3000 ಒಂದು ಬೀಟನ್ನು (ಇಲ್ಲಿ ತಾಳದ ಒಂದು ಏಟಿನ ಅವಧಿ) 96 ಟಿಕ್‌ಗಳಾಗಿ ಒಡೆಯುತ್ತದೆ. ನಿಮಿಷಕ್ಕೆ 90 ಬೀಟ್ ವೇಗದಲ್ಲಿ ಒಂದು ಟಿಕ್ ಅಂದರೆ ಸುಮಾರು 7 ಮಿಲಿಸೆಕೆಂಡ್. ಸ್ವಿಂಗ್ ಅಂದರೆ ಜೋಡಿ ನೋಟುಗಳಲ್ಲಿ ಮೊದಲನೆಯದಕ್ಕೆ ಸಿಗುವ ಪಾಲು; ಅದು 50% ಇದ್ದರೆ ಹದಿನಾರನೇ ನೋಟುಗಳ (ಬೀಟಿನ ಕಾಲು ಭಾಗ) ಜೋಡಿ 24-24, ನಮ್ಮ ಚತುರಶ್ರ ನಡೆ. 66%ಗೆ ಏರಿಸಿದರೆ 32-16, ತಿಶ್ರದ ಒಲಪು. ಡಿಲ್ಲಾ ಒಂದೇ ಟ್ರ್ಯಾಕಿನಲ್ಲಿ ನೇರ ನಡೆಯನ್ನೂ ಈ ಒಲಪನ್ನೂ ಬೇರೆ ಬೇರೆ ವಾದ್ಯಗಳ ಮೇಲೆ ಹೊರಿಸಿದ. ಗುಟ್ಟು ಅಲ್ಲಿದೆ.

ಮಾಡಿ ನೋಡುವವರು ಹೈ-ಹ್ಯಾಟನ್ನು (ಡ್ರಮ್ ಸೆಟ್ಟಿನ ಜೋಡಿ ತಟ್ಟೆ) ಎಂಟನೇ ನೋಟುಗಳಲ್ಲಿ ನೇರವಾಗಿ ಕ್ವಾಂಟೈಸ್ ಮಾಡಿ ಬಿಟ್ಟುಬಿಡಿ. ಅದು ಗೋಡೆ ಗಡಿಯಾರ ಇದ್ದ ಹಾಗೆ, ಉಳಿದವು ಹಿಂದೆ ಮುಂದೆ ಆಗಿದ್ದು ಗೊತ್ತಾಗೋದೇ ಅದರಿಂದ. ಸ್ನೇರ್ (ಚುರುಕು ಸದ್ದಿನ ಡ್ರಮ್) 10–15 ಮಿಲಿಸೆಕೆಂಡ್ ಮುಂಚೆ ಬೀಳಲಿ, ಬೇಸ್ (ಕೆಳಸ್ಥಾಯಿಯ ವಾದ್ಯ) 20–30 ತಡವಾಗಲಿ. ಮೊದಲ ಬೀಟಿನ ಕಿಕ್ (ದಪ್ಪ ಸದ್ದಿನ ದೊಡ್ಡ ಡ್ರಮ್) ತನ್ನ ಜಾಗದಲ್ಲೇ ಇರಲಿ. ನಡುವಿನ ಕಿಕ್‌ಗಳನ್ನು ಮಾತ್ರ ಕೈಯಲ್ಲಿ ಬಾರಿಸಿ. ಇಂದಿನ ಸಾಫ್ಟ್‌ವೇರ್‌ಗಳಲ್ಲಿ ಟಿಕ್ ಲೆಕ್ಕ ಬೇರೆ, ಹಾಗಾಗಿ ಮಿಲಿಸೆಕೆಂಡಲ್ಲೇ ಇಡಿ.

ಎಲ್ಲವನ್ನೂ ಒಟ್ಟಿಗೆ ತಡ ಮಾಡಿದರೆ ಏನೂ ಆಗಲ್ಲ, ಇಡೀ ಬೀಟ್ ಜರುಗುತ್ತದೆ ಅಷ್ಟೇ. ಏಟುಗಳನ್ನು ತಾನಾಗಿ ಅಲ್ಲಿಲ್ಲಿ ಸರಿಸುವ 'ಹ್ಯೂಮನೈಸ್' ಬಟನ್ ಕೂಡ ಉಪಯೋಗವಿಲ್ಲ. ಅದು ಪ್ರತಿ ಸಲ ಬೇರೆ ಜಾಗದಲ್ಲಿ ಎಡವುತ್ತದೆ. ಎರಡು ಬಾರ್ (ತಾಳದ ಆವರ್ತ) ಲೂಪಿನಲ್ಲಿ ಅದೇ ಎಡವು ಅದೇ ಜಾಗಕ್ಕೆ ಮರಳಿ ಬಂದರೆ ಮಾತ್ರ ಕಿವಿ ಅದನ್ನು ಲಯ ಅಂತ ಒಪ್ಪುತ್ತದೆ. ಇನ್ನೊಂದು, ಸ್ಯಾಂಪಲ್‌ನ (ದಾಖಲಿಸಿದ ಸದ್ದಿನ ತುಣುಕಿನ) ತಲೆ ಕತ್ತರಿಸಿ. ಆರಂಭದಲ್ಲಿ 10 ಮಿಲಿಸೆಕೆಂಡ್ ಮೌನ ಉಳಿದಿದ್ದರೆ ಮುಂಚೆ ತಂದ ಸ್ನೇರ್ ವಾಪಸ್ ತಾಳದ ಗೆರೆ ಮೇಲೇ ಕೂರುತ್ತದೆ.

ಯಂತ್ರದಲ್ಲಿ ಹುಟ್ಟಿದ ಈ ನಡೆಯನ್ನು ಡ್ರಮ್ಮರ್ ಕ್ವೆಸ್ಟ್‌ಲವ್ ಕೈಯಿಂದ ಡ್ರಮ್ ಮೇಲೆ ನುಡಿಸಲು ಕಲಿತ. ಗಾಯಕ ಡಿ'ಆಂಜೆಲೋನ 2000ದ ಆಲ್ಬಂ 'ವೂಡೂ' ಕೇಳಿದರೆ ತಿಳಿಯುತ್ತದೆ. ಟಿಟಿಪಿ ಎಂಬ ರಕ್ತದ ಕಾಯಿಲೆ, ಲೂಪಸ್ ಎರಡೂ ಡಿಲ್ಲಾನನ್ನು ಹಿಂಡಿದ್ದವು. 31 ಟ್ರ್ಯಾಕ್‌ಗಳ 'ಡೋನಟ್ಸ್' ಅವನ 32ನೇ ಹುಟ್ಟುಹಬ್ಬದಂದು ಬಂತು. ಮೂರು ದಿನಕ್ಕೆ, 2006ರ ಫೆಬ್ರವರಿ 10ರಂದು, ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಆ ಎಂಪಿಸಿ ಈಗ ಸ್ಮಿತ್‌ಸೋನಿಯನ್‌ನ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂನಲ್ಲಿದೆ.

ಅಭ್ಯಾಸಕ್ಕೆ ಮಾತ್ರ 'ಡೋನಟ್ಸ್' ಬೇಡ, ಅದರಲ್ಲಿ ಎಷ್ಟೋ ಕಡೆ ಡ್ರಮ್ ಹಳೆ ರೆಕಾರ್ಡಿನ ತುಣುಕಿನೊಳಗೇ ಸೇರಿಹೋಗಿದೆ. ಸ್ಲಮ್ ವಿಲೇಜ್‌ನ 'ಫೆಂಟಾಸ್ಟಿಕ್, ವಾಲ್ಯೂಮ್ 2' ಹಾಕಿ, ಒಂದು ಸುತ್ತು ಬರೀ ಹೈ-ಹ್ಯಾಟ್ ಹಿಡಿದು ಕೇಳಿ, ಇನ್ನೊಂದು ಸುತ್ತು ಬರೀ ಕಿಕ್.