ಇಂಗ್ಲಿಷ್ ಶ್ಲೇಷೆಗೆ ಕನ್ನಡದ ಒರೆಗಲ್ಲು

‘ಇನ್ ಆಗುಂಬೆ, ದ ರೇನ್ ಹ್ಯಾಸ್ ಎ ಲಾಂಗ್ ರೇನ್.’ ಮೊದಲ ರೇನ್ ಮಳೆ, ಎರಡನೆಯದು ಆಳ್ವಿಕೆ. ಇಂಗ್ಲಿಷ್ ಅಕ್ಷರದಲ್ಲಿ ಓದುವಾಗ ಈ ಶ್ಲೇಷೆ ತಟ್ಟನೆ ಹೊಳೆಯುವುದಿಲ್ಲ. ಆಳ್ವಿಕೆಯ ರೇನ್‌ನೊಳಗೆ ಸದ್ದೇ ಮಾಡದ ‘ಜಿ’ ಒಂದು ಕೂತಿರುತ್ತದೆ, ಕಣ್ಣು ಅಲ್ಲೇ ಎಡವುತ್ತದೆ. ಕುದುರೆಯ ಲಗಾಮಿಗೂ ರೇನ್ ಎನ್ನುತ್ತಾರೆ. ಅದರ ಕಾಗುಣಿತ ಇನ್ನೊಂದು ಬಗೆ.

ನಮ್ಮ ಶಿವಮೊಗ್ಗ ಸೀಮೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಉಪಮೆ, ರೂಪಕ ಕಷ್ಟವಲ್ಲ. ಉಪಮೆಯಲ್ಲಿ ‘ಅಂತೆ’, ‘ಹಾಗೆ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಲೈಕ್’, ‘ಆಸ್’ ಬರುತ್ತದೆ, ಅಷ್ಟೆ. ತೊಡಕಾಗುವುದು ಶ್ಲೇಷೆಯಲ್ಲಿ. ಅದಕ್ಕೆ ಮದ್ದು ನಮ್ಮ ಲಿಪಿಯಲ್ಲೇ ಇದೆ: ಅನುಮಾನ ಬಂದ ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ, ಅದೇ ಸದ್ದಿನ ಇನ್ನೊಂದು ಪದವಿದೆಯೇ ಎಂದು ಹುಡುಕಿ, ಅದನ್ನು ವಾಕ್ಯದಲ್ಲಿಟ್ಟು ಅರ್ಥ ಕೂಡುತ್ತದೆಯೇ ನೋಡಿ. ಎರಡೂ ಅರ್ಥ ಕೂಡಿದರೆ ಅದು ಶ್ಲೇಷೆ.

ಎಡವಟ್ಟಾಗುವುದು ಎರಡು ಕಡೆ. ಗೋಧಿ ಹಿಟ್ಟಿನ ‘ಫ್ಲವರ್’ ಅನ್ನು ಕಾಗುಣಿತ ನೋಡಿ ‘ಫ್ಲೋರ್’ ಎಂದು ಬರೆದುಕೊಂಡರೆ ಹೂವಿನ ಫ್ಲವರ್ ಕೈತಪ್ಪುತ್ತದೆ. ಆದ್ದರಿಂದ ನಿಘಂಟಿನಲ್ಲಿ ಉಚ್ಚಾರ ನೋಡಿಯೇ ಬರೆಯಬೇಕು. ಇನ್ನೊಂದು, ನಮ್ಮ ‘ವ’. ದ್ರಾಕ್ಷಾರಸವೂ ವೈನ್, ಬಳ್ಳಿಯೂ ವೈನ್. ಇಂಗ್ಲಿಷಿನವರ ಕಿವಿಗೆ ಇವು ಬೇರೆ ಬೇರೆ: ಮೊದಲನೆಯದಕ್ಕೆ ತುಟಿ ದುಂಡಗಾಗುತ್ತದೆ, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ಇಲ್ಲಿ ನಮಗೆ ಕಾಣುವ ಶ್ಲೇಷೆ ಅವರಿಗೆ ಪೂರ್ತಿ ಕೇಳಿಸುವುದಿಲ್ಲ.

ಕಾಗುಣಿತವೂ ಒಂದೇ ಆಗಿರುವ ಶ್ಲೇಷೆ ಇನ್ನೂ ಸೊಗಸು. ‘ವೆನ್ ದ ಮಾನ್ಸೂನ್ ಲೀವ್ಸ್, ಲೀವ್ಸ್ ರಿಮೇನ್.’ ಒಂದು ಹೊರಡುವುದು, ಇನ್ನೊಂದು ಎಲೆಗಳು. ಕನ್ನಡದಲ್ಲಿ ‘ಕಾಡು’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಆದರೆ ‘ಕಾಡನ್ನು’, ‘ಕಾಡಿತು’ ಎಂದೊಡನೆ ಪ್ರತ್ಯಯವೇ ಗುಟ್ಟು ಬಿಟ್ಟುಕೊಡುತ್ತದೆ. ಇಂಗ್ಲಿಷಿನಲ್ಲಿ ಬಹುವಚನದ ‘ಎಸ್’, ಕ್ರಿಯಾಪದದ ‘ಎಸ್’ ನೋಡಲು ಒಂದೇ. ಹಾಗಾಗಿ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಎಂಬುದನ್ನೇ ಹಿಡಿದು ಅರ್ಥ ಬಿಡಿಸಬೇಕು.

ಅನುವಾದಕ್ಕೆ ಕೂತರೆ ಪದಕ್ಕೆ ಪದ ಇಡಬೇಡಿ, ಶ್ಲೇಷೆ ಸತ್ತುಹೋಗುತ್ತದೆ. ‘ಆಗುಂಬೆಯಲ್ಲಿ ಮಳೆಗೆ ದೀರ್ಘ ಆಳ್ವಿಕೆ’ ಎಂಬುದರಲ್ಲಿ ಆಟವೇ ಉಳಿದಿಲ್ಲ. ಆಟ ಬೇಕಿದ್ದರೆ ನಮ್ಮ ಭಾಷೆಯಲ್ಲಿ ಬೇರೆ ಜೋಡಿ ಹುಡುಕಬೇಕು. ಅಳು, ಆಳು ಸಿಕ್ಕರೆ ಸಾಕು: ‘ಆಗುಂಬೆಯಲ್ಲಿ ಮಳೆ ಅಳುತ್ತಲೇ ಆಳುತ್ತದೆ.’