ಗೋಡೆ ಕಟ್ಟಿಕೊಂಡು ಹಾಡಿದವರು

ರಾತ್ರಿ ನಿದ್ದೆ ಬಾರದೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವರ 1980-81ರ ‘ದಿ ವಾಲ್’ ಪ್ರವಾಸದ ಹಳೇ ತುಣುಕುಗಳನ್ನು ನೋಡುತ್ತ ಕೂತಿದ್ದೆ. ಏನು ಹುಚ್ಚು ಅಂತೀರಿ! ಮೊದಲರ್ಧ ಇವರು ಹಾಡುತ್ತಿದ್ದ ಹಾಗೇ ಕೆಲಸಗಾರರು ಬಂದು ವೇದಿಕೆಗೆ ಅಡ್ಡಲಾಗಿ ರಟ್ಟಿನ ಇಟ್ಟಿಗೆ ಪೇರಿಸುತ್ತ ಹೋಗುತ್ತಾರೆ. ಮಧ್ಯಂತರದ ಹೊತ್ತಿಗೆ ಗೋಡೆ ಪೂರ್ತಿ, ಬ್ಯಾಂಡ್ ಮಾಯ. ದುಡ್ಡು ಕೊಟ್ಟು ಬಂದವರು ಗೋಡೆ ನೋಡಿಕೊಂಡು ಹಾಡು ಕೇಳಬೇಕು. ನಡುವೆ ಡೇವಿಡ್ ಗಿಲ್ಮರ್ ಒಬ್ಬರೇ ಗೋಡೆಯ ನೆತ್ತಿಯಲ್ಲಿ ಕಾಣಿಸಿಕೊಂಡು ಗಿಟಾರ್ ನುಡಿಸುತ್ತಾರಲ್ಲ, ಆಗ ಮೈ ಜುಂ ಅಂತು. ಕೊನೆಗೆ ಅಷ್ಟೂ ಗೋಡೆ ದಡದಡ ಉರುಳುತ್ತದೆ. ಮುಂದಿನ ಶೋಗೆ ಮತ್ತೆ ಮೊದಲಿಂದ ಕಟ್ಟಬೇಕು.

ಇದಕ್ಕೆಲ್ಲ ಬೀಜ ಬಿದ್ದದ್ದು 1977ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಗಲಾಟೆ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ಬ್ಯಾಂಡಿನ ರೋಜರ್ ವಾಟರ್ಸ್ ಎಂಜಲು ಉಗಿದುಬಿಟ್ಟಿದ್ದರು. ಆಮೇಲೆ ತಮ್ಮ ಮೇಲೇ ಹೇಸಿಗೆಯಾಗಿ, ನನಗೂ ಜನಕ್ಕೂ ಮಧ್ಯೆ ಗೋಡೆಯಿದೆ ಅನ್ನಿಸಿತಂತೆ. ಜನರಿಂದ ದೂರವಾಗಿದ್ದೇನೆ ಅಂತ ಹೇಳಿಕೊಳ್ಳೋದಕ್ಕೂ ಜನ ತುಂಬಿದ ಅರೀನಾನೇ ಬೇಕಾಯ್ತು, ನೋಡಿ. ನಾವು ಸ್ಟೇಟಸ್ ಹಾಕೋದೂ ಹೆಚ್ಚುಕಮ್ಮಿ ಇದೇ ತಾನೆ?

ಆ ಸರಂಜಾಮು ಹೊತ್ತು ಊರೂರು ತಿರುಗೋದು ಆಗದ ಮಾತು. ಲಾಸ್ ಏಂಜಲೀಸ್, ನ್ಯೂಯಾರ್ಕ್ ಹತ್ತಿರದ ಯೂನಿಯನ್‌ಡೇಲ್, ಲಂಡನ್, ಜರ್ಮನಿಯ ಡಾರ್ಟ್‌ಮಂಡ್, ಇಷ್ಟೇ. ಜನ ಮುಗಿಬಿದ್ದರೂ ನಷ್ಟ. ಕೀಬೋರ್ಡಿನ ರಿಚರ್ಡ್ ರೈಟ್ ಅವರನ್ನು ಅಷ್ಟರಲ್ಲಿ ಬ್ಯಾಂಡಿನಿಂದ ತೆಗೆದು, ಶೋಗಳಿಗೆ ಮಾತ್ರ ಸಂಬಳಕ್ಕೆ ಇಟ್ಟುಕೊಂಡಿದ್ದರು. ಉಳಿದ ಮೂವರೂ ಕೈಯಿಂದ ಕಳೆದುಕೊಂಡರು, ರೈಟ್ ಒಬ್ಬರೇ ದುಡ್ಡು ಮಾಡಿಕೊಂಡರು. ಇದನ್ನು ಓದಿ ಒಬ್ಬನೇ ಜೋರಾಗಿ ನಕ್ಕೆ.